ಹೊಳೆಮತ್ತಿ ಚಕ್ಕೆ ಕುದಿಸಿ ಕುಡಿದರೆ ಹೃದಯದ ಮಾತ್ರೆ ಬಿಡಬಹುದಾ?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಐದು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ದಿನಕ್ಕೆ ಆರು ಮಾತ್ರೆ. ಹೊಟ್ಟೆ ಉರಿಯುತ್ತದೆ, ಸುಸ್ತಾಗುತ್ತದೆ ಅಂತ ದಿನಾ ಹೇಳುತ್ತಾರೆ. ಅರ್ಜುನ ಮರದ ತೊಗಟೆ ಚರಕನ ಕಾಲದಿಂದಲೂ ಹೃದಯರೋಗಕ್ಕೆ ಮದ್ದು, ಹಾಲಲ್ಲಿ ಕುದಿಸಿ ಕುಡಿದರೆ ಬ್ಲಾಕ್ ಕರಗಿಹೋಗುತ್ತದೆ, ಮಾತ್ರೆ ಬೇಕಿಲ್ಲ ಅಂತ ದೊಡ್ಡಪ್ಪ ಹೇಳುತ್ತಿದ್ದಾರೆ. ನಮ್ಮ ತೋಟದ ಮೇಲಿನ ಸೊಪ್ಪಿನಬೆಟ್ಟದಲ್ಲಿ ಎರಡು ದೊಡ್ಡ ಮತ್ತಿ ಮರ ಇವೆ. ಅದರ ಚಕ್ಕೆ ಬಳಸಬಹುದಾ? ಹಳೇ ವೈದ್ಯದಲ್ಲಿ ಹೃದಯಕ್ಕೆ ಬೇರೆ ಯಾವ ಗಿಡಮೂಲಿಕೆಗಳಿವೆ? (ಸಾಗರ ತಾಲ್ಲೂಕಿನ ಓದುಗರು)

ಉತ್ತರ: ಮೊದಲು ಒಂದು ಮಾತು. ಈ ಉತ್ತರ ಪೂರ್ತಿ ಓದುವುದಕ್ಕೂ ಮುಂಚೆ ತಂದೆಯವರ ಮಾತ್ರೆ ಡಬ್ಬಿ ನೋಡಿ. ಇವತ್ತಿನ ಮಾತ್ರೆ ತಗೊಂಡಿದ್ದಾರಾ ಅಂತ ಕೇಳಿ. ತಗೊಂಡಿಲ್ಲ ಅಂದರೆ ಈಗಲೇ ಅವರ ಡಾಕ್ಟರಿಗೆ ಫೋನ್ ಮಾಡಿ.

ನಾನು ಆಯುರ್ವೇದ ಓದಿದವನು. ಗಿಡಮೂಲಿಕೆಗಳನ್ನೇ ಪಾಠ ಮಾಡಿದವನು. ಅರ್ಜುನದ, ಅಂದರೆ ಹೊಳೆಮತ್ತಿಯ, ಚಕ್ಕೆಯನ್ನು ನನ್ನ ರೋಗಿಗಳಿಗೆ ಕೊಟ್ಟಿದ್ದೇನೆ, ಈಗಲೂ ಕೊಡುತ್ತೇನೆ. ಹಾಗಿದ್ದೂ ಮಾತ್ರೆ ಬಿಡಬೇಡಿ ಅಂತ ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ನಿಮ್ಮ ತಂದೆಯವರ ಎದೆಯಲ್ಲಿ ಈಗ ಸ್ಟೆಂಟ್ ಇದೆ. ಅದು ಲೋಹದ ಸಣ್ಣ ಜಾಲರಿ. ರಕ್ತಕ್ಕೆ ಅದು ಹೊರಗಿನ ವಸ್ತು. ಅದರ ಮೇಲೆ ರಕ್ತನಾಳದ ಒಳಪದರ ಬೆಳೆದು ಮುಚ್ಚಿಕೊಳ್ಳಬೇಕು, ಅದಕ್ಕೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ಅಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಕಾಯುವುದು ಆಸ್ಪಿರಿನ್ ಮತ್ತು ಅದರ ಜೊತೆ ಕೊಡುವ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್ ಎಂಬ ಇನ್ನೊಂದು ಮಾತ್ರೆ. ಹಾರ್ಟ್ ಅಟ್ಯಾಕ್ ಆದವರಿಗೆ ಈ ಜೋಡಿಯನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಐದನೇ ತಿಂಗಳಲ್ಲಿ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಗಟ್ಟಿಯಾಗಬಹುದು. ಹಾಗಾದರೆ ಅದು ಮೊದಲಿನ ಅಟ್ಯಾಕ್‌ಗಿಂತ ಕೆಟ್ಟದ್ದಾಗಬಹುದು. ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಕಾಯುವ ಶಕ್ತಿ ಯಾವ ಚಕ್ಕೆಗೂ, ಬೇರಿಗೂ, ಸೊಪ್ಪಿಗೂ ಇದೆ ಅಂತ ತೋರಿಸಿದವರಿಲ್ಲ. ಚರಕ, ಸುಶ್ರುತರ ಕಾಲದಲ್ಲಿ ಸ್ಟೆಂಟೇ ಇರಲಿಲ್ಲ, ಹಾಗಾಗಿ ಅವರ ಪುಸ್ತಕದಲ್ಲಿ ಇದಕ್ಕೆ ಉತ್ತರ ಹುಡುಕುವುದೇ ಸರಿಯಲ್ಲ, ಅಲ್ವಾ?

ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಬರುತ್ತಿದ್ದ ಒಬ್ಬರು ಹೀಗೇ ಮಾಡಿದರು. ನಾನು ಕೊಟ್ಟ ಕಷಾಯ ಚೆನ್ನಾಗಿ ಹೊಂದಿಕೊಂಡಿತು ಅಂತ, ನನಗೆ ಹೇಳದೆ, ಉಳಿದ ಮಾತ್ರೆ ಎಲ್ಲ ನಿಲ್ಲಿಸಿದರು. ಮೂರು ವಾರಕ್ಕೆ ಮತ್ತೆ ಎದೆನೋವು. ಜೀವ ಉಳಿಯಿತು, ಆದರೆ ಹೃದಯದ ಬಲ ಅರ್ಧಕ್ಕೆ ಇಳಿಯಿತು. "ಮಾತ್ರೆ ಬಿಡಬೇಡಿ" ಅಂತ ನಾನು ಆವತ್ತು ಬಾಯಿಬಿಟ್ಟು ಹೇಳಿರಲಿಲ್ಲ. ಅವರಿಗೆ ಗೊತ್ತಿರುತ್ತದೆ ಅಂದುಕೊಂಡಿದ್ದೆ. ಅಂದಿನಿಂದ ಚಕ್ಕೆ ಕೊಡುವ ಮೊದಲು ಇದನ್ನೇ ಹೇಳುತ್ತೇನೆ.

ಹೊಟ್ಟೆ ಉರಿ ಮತ್ತು ಸುಸ್ತು ನಿಜವಾದ ತೊಂದರೆಗಳು. ಸಹಿಸಿಕೊಂಡಿರಿ ಅಂತ ನಾನು ಹೇಳುವುದಿಲ್ಲ. ಆಸ್ಪಿರಿನ್ ಹೊಟ್ಟೆಯ ಒಳಪದರವನ್ನು ಕೆರಳಿಸುತ್ತದೆ. ಅದಕ್ಕೆ ಆಮ್ಲ ಕಡಿಮೆ ಮಾಡುವ ಮಾತ್ರೆ ಜೊತೆಗೆ ಕೊಡುತ್ತಾರೆ. ಆದರೆ ಅಂಗಡಿಯಿಂದ ನೀವೇ ಗ್ಯಾಸ್ ಮಾತ್ರೆ ತರಬೇಡಿ. ಒಮೆಪ್ರಜೋಲ್ ಎಂಬ ಮಾತ್ರೆ ಕ್ಲೊಪಿಡೊಗ್ರೆಲ್‌ನ ಕೆಲಸವನ್ನು ತಗ್ಗಿಸುತ್ತದೆ. ಪ್ಯಾಂಟೊಪ್ರಜೋಲ್‌ನಲ್ಲಿ ಆ ತೊಂದರೆ ಕಡಿಮೆ. ಯಾವುದು ಬೇಕು ಅಂತ ಡಾಕ್ಟರ್ ಬರೆಯಲಿ. ಮಲ ಕಪ್ಪಗೆ ಟಾರಿನ ಹಾಗೆ ಹೋದರೆ ಅವತ್ತೇ ತೋರಿಸಬೇಕು, ಅದು ಒಳಗೆ ರಕ್ತ ಸೋರುವ ಗುರುತು. ಸುಸ್ತಿಗೆ ಬಹಳ ಸಲ ಕಾರಣ ಹೃದಯದ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ. ಅದರ ಪ್ರಮಾಣ ಬದಲಿಸಬಹುದು. ಕೇಳಿದರೆ ಮಾತ್ರ ಅವರಿಗೂ ಗೊತ್ತಾಗುವುದು.

ಈಗ ದೊಡ್ಡಪ್ಪನ ಮಾತಿಗೆ ಬರುತ್ತೇನೆ. "ಚರಕನ ಕಾಲದಿಂದಲೂ" ಅಂದರಲ್ಲ, ಅಲ್ಲಿ ಒಂದು ಅಚ್ಚರಿ ಇದೆ.

ಚರಕ ಸಂಹಿತೆಯ ಮೊದಲ ಭಾಗವಾದ ಸೂತ್ರಸ್ಥಾನದ ನಾಲ್ಕನೇ ಅಧ್ಯಾಯದಲ್ಲಿ ಔಷಧಿಗಳನ್ನು ಹತ್ತು ಹತ್ತರಂತೆ ಐವತ್ತು ಗುಂಪು ಮಾಡಿದ್ದಾರೆ. ಅದರಲ್ಲಿ ಒಂದು ಗುಂಪಿನ ಹೆಸರೇ "ಹೃದ್ಯ", ಅಂದರೆ ಹೃದಯಕ್ಕೆ ಹಿತವಾದದ್ದು. ಪಟ್ಟಿ ನೋಡಿ: ಮಾವು, ಅಮಟೆ, ವಾಟೆಹುಳಿ, ಕವಳಿಕಾಯಿ, ವೃಕ್ಷಾಮ್ಲ, ಅಮ್ಲವೇತಸ, ಎರಡು ಬಗೆಯ ಬೋರೆ ಹಣ್ಣು, ದಾಳಿಂಬೆ, ಮಾದಲ. ಹತ್ತೂ ಹುಳಿ! ಒಂದು ಚಕ್ಕೆಯೂ ಇಲ್ಲ, ಬೇರೂ ಇಲ್ಲ. ವೃಕ್ಷಾಮ್ಲ ಅಂದರೆ ನಿಮ್ಮ ಕಡೆಯ ಮುರುಗಲು, ಕರಾವಳಿಯವರ ಪುನರ್ಪುಳಿ. ಬೇಸಿಗೆಯಲ್ಲಿ ನಿಮ್ಮ ಮನೆಯಲ್ಲಿ ಶರಬತ್ತು ಮಾಡುವ ಹಣ್ಣು ಚರಕನ ಹೃದ್ಯ ಗಣದಲ್ಲಿದೆ. ನೀವು ಕೇಳಿದ ಅರ್ಜುನ ಅಲ್ಲಿಲ್ಲ.

ಅರ್ಜುನ ಅದೇ ಅಧ್ಯಾಯದಲ್ಲಿ ಬೇರೆ ಕಡೆ ಇದೆ. ಮೈ ಮೇಲೆ ದದ್ದು ಏಳುವ "ಉದರ್ದ"ವನ್ನು ಶಮನ ಮಾಡುವ ಹತ್ತು ಮರಗಳ ಗುಂಪಿನಲ್ಲಿ, ಕಗ್ಗಲಿ, ಬೋರೆ, ಏಳೆಲೆ ಹಾಲೆಯ ಜೊತೆ. ಅಂದರೆ ಚರಕನಿಗೆ ಅದು ಮುಖ್ಯವಾಗಿ ಒಗರು ತೊಗಟೆಯ ಮರ. ಕಫದ ಹೃದ್ರೋಗದ ಒಂದು ಲೇಹದಲ್ಲಿ ಅದರ ಹೆಸರು ಬರುತ್ತದೆ, ಅದೂ ಅತ್ತಿ, ಅರಳಿ, ಆಲದಂಥ ಹಲವು ಮರಗಳ ನಡುವೆ ಒಂದಾಗಿ ಮಾತ್ರ. ಸುಶ್ರುತನೂ ಹಾಗೇ. ಅವನು ಅದನ್ನು ಸಾಲಸಾರಾದಿ ಗಣದಲ್ಲಿ ಸೇರಿಸುತ್ತಾನೆ. ಆ ಗಣ ಚರ್ಮರೋಗಕ್ಕೆ, ಪ್ರಮೇಹ ಎಂಬ ಮೂತ್ರದ ಕಾಯಿಲೆಗೆ, ಕಫ ಮತ್ತು ಕೊಬ್ಬು ಇಳಿಸುವುದಕ್ಕೆ. ಇನ್ನೊಂದು ಕಡೆ ಮೂಳೆ ಮುರಿದಾಗ ದಬ್ಬೆ ಕಟ್ಟುವುದಕ್ಕೆ ಯಾವ ಮರದ ತೊಗಟೆ ತರಬೇಕು ಅಂತ ಹೇಳುವಾಗ ಅತ್ತಿ, ಅರಳಿ, ಮುತ್ತುಗ, ಆಲದ ಜೊತೆ ಇದನ್ನೂ ಹೆಸರಿಸುತ್ತಾನೆ. ಅಲ್ಲಿ ಇದರ ಹೆಸರು ಕಕುಭ. ನಿಮ್ಮ ಮರದ ತೊಗಟೆ ಆಗಿನ ಕಾಲಕ್ಕೆ ಪ್ಲಾಸ್ಟರ್ ಆಗಿತ್ತು!

ಹಾಗಾದರೆ ಅರ್ಜುನಕ್ಕೆ ಹೃದಯದ ನಂಟು ಬಂದದ್ದು ಎಲ್ಲಿಂದ? ಬಳಕೆಯಿಂದ, ನಿಧಾನವಾಗಿ. ಏಳನೇ ಶತಮಾನದ ಸುಮಾರಿಗೆ ವಾಗ್ಭಟ ಎಂಬ ವೈದ್ಯನ ಹೊತ್ತಿಗೆ ಇದು ಹೃದ್ರೋಗದ ಚಿಕಿತ್ಸೆಯಲ್ಲಿ ನೆಲೆಯೂರಿತು ಅಂತ ನಮ್ಮಲ್ಲಿ ಪಾಠ ಮಾಡುತ್ತಾರೆ. ಆದರೆ ಇದಕ್ಕೆ ಪೂರ್ತಿ ಗೌರವ ಕೊಟ್ಟವರು ಬಂಗಾಳದ ಚಕ್ರಪಾಣಿದತ್ತ. ಹನ್ನೊಂದನೇ ಶತಮಾನದವರು. ಅವರ ತಂದೆ ಗೌಡದೇಶದ ರಾಜ ನಯಪಾಲನ ಅಡುಗೆಮನೆಯ ಮೇಲ್ವಿಚಾರಕ. ಚಕ್ರಪಾಣಿ ಚರಕ ಸಂಹಿತೆಗೆ ದೊಡ್ಡ ವ್ಯಾಖ್ಯಾನ ಬರೆದವರು, ಅಂದರೆ ಚರಕನ ಪಟ್ಟಿಯಲ್ಲಿ ಏನಿದೆ, ಏನಿಲ್ಲ ಅಂತ ಅವರಷ್ಟು ಗೊತ್ತಿದ್ದವರು ಕಡಿಮೆ. ಆದರೂ ತಮ್ಮ ಚಿಕಿತ್ಸಾ ಗ್ರಂಥದ ಹೃದ್ರೋಗದ ಭಾಗದಲ್ಲಿ ಅರ್ಜುನದ ಚಕ್ಕೆ ಹಾಕಿ ಕಾಯಿಸಿದ ಹಾಲು; ತುಪ್ಪದಲ್ಲೋ ಹಾಲಲ್ಲೋ ಬೆಲ್ಲದ ನೀರಿನಲ್ಲೋ ಕಲಸಿದ ಚಕ್ಕೆಯ ಪುಡಿ; ಚಕ್ಕೆಯಿಂದ ಮಾಡಿದ ತುಪ್ಪ; ಮೂರನ್ನೂ ಕೊಟ್ಟರು. ಪುಡಿ ಕುಡಿದವರು ಬಹುಕಾಲ ಬಾಳುತ್ತಾರೆ ಅಂತಲೂ ಅಲ್ಲಿದೆ. ದೊಡ್ಡಪ್ಪ ಕೇಳಿಸಿಕೊಂಡಿರುವುದು ಈ ಮಾತಿನ ಪ್ರತಿಧ್ವನಿ ಅಂತ ನನಗನಿಸುತ್ತದೆ.

ಈ ಕತೆ ನನಗೆ ಬಹಳ ಇಷ್ಟ. ನಮ್ಮ ಹಿರಿಯ ವೈದ್ಯರು ಹಳೇ ಪಟ್ಟಿಯನ್ನು ಹಿಡಿದು ಕೂತಿರಲಿಲ್ಲ ಅಂತ ಇದು ತೋರಿಸುತ್ತದೆ. ದದ್ದಿನ ಮದ್ದು, ದಬ್ಬೆಯ ತೊಗಟೆ ಆಗಿದ್ದದ್ದನ್ನು ರೋಗಿಗಳಿಗೆ ಕೊಟ್ಟು, ನೋಡಿ, ಬೇರೆ ಜಾಗಕ್ಕೆ ತಂದರು. ಈಗ ನಾವು "ಚರಕ ಹೇಳಿದ್ದು" ಅಂತ ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟಿದರೆ ಅವರ ಆ ಶ್ರಮವೇ ಕಾಣದೆ ಹೋಗುತ್ತದೆ.

ಇನ್ನೊಂದು ವಿಷಯ. ಹಳೇ ಪುಸ್ತಕದ "ಹೃದ್ರೋಗ" ಮತ್ತು ನಿಮ್ಮ ತಂದೆಯವರ ರಿಪೋರ್ಟಿನಲ್ಲಿರುವ ಕಾಯಿಲೆ ಒಂದೇ ಅಲ್ಲ. ಚರಕ ಐದು ಬಗೆ ಹೇಳುತ್ತಾನೆ: ವಾತ, ಪಿತ್ತ, ಕಫ, ಮೂರೂ ಸೇರಿದ್ದು, ಹುಳದಿಂದ ಬಂದದ್ದು. ವಾತದ್ದರಲ್ಲಿ ಎದೆ ಎಳೆದ ಹಾಗೆ, ಚುಚ್ಚಿದ ಹಾಗೆ, ಕಡೆದ ಹಾಗೆ, ಸೀಳಿದ ಹಾಗೆ ನೋಯುತ್ತದೆ ಅಂತ ಸುಶ್ರುತ ಬರೆಯುತ್ತಾನೆ. ಕಫದ್ದರಲ್ಲಿ ಎದೆ ಜೋಮು ಹಿಡಿದು, ಕಲ್ಲು ಹೇರಿದ ಹಾಗೆ ಭಾರ ಅನ್ನುತ್ತಾನೆ ಚರಕ. ಇವತ್ತು ಹಾರ್ಟ್ ಅಟ್ಯಾಕ್ ಆದವರೂ ಎದೆ ಮೇಲೆ ಗುಂಡುಕಲ್ಲು ಇಟ್ಟ ಹಾಗಾಯ್ತು ಅಂತಲೇ ಹೇಳುತ್ತಾರೆ. ಸುಶ್ರುತನ ಉತ್ತರತಂತ್ರದಲ್ಲಿ "ಹೃಚ್ಛೂಲ" ಎಂಬ ನೋವಿನ ವರ್ಣನೆಯೂ ಇದೆ: ಎದೆಯಲ್ಲಿ ಶೂಲೆ, ಉಸಿರು ಕಟ್ಟುವುದು. ಆದರೆ ಹೃದಯಕ್ಕೆ ರಕ್ತ ಕೊಡುವ ನಾಳದೊಳಗೆ ಕೊಬ್ಬು ಕಟ್ಟಿಕೊಳ್ಳುತ್ತದೆ, ಅದು ಒಡೆದು ಅದರ ಮೇಲೆ ರಕ್ತ ಗಟ್ಟಿಯಾಗುತ್ತದೆ ಎಂಬ ತಿಳಿವಳಿಕೆ ಆಗ ಇರಲಿಲ್ಲ. ಸುಶ್ರುತ ಹೃದಯವನ್ನು ತಲೆಕೆಳಗಾದ ತಾವರೆ ಮೊಗ್ಗಿಗೆ ಹೋಲಿಸುತ್ತಾನೆ. ಎಚ್ಚರವಿದ್ದಾಗ ಅರಳುತ್ತದೆ, ನಿದ್ದೆಯಲ್ಲಿ ಮುಚ್ಚಿಕೊಳ್ಳುತ್ತದೆ ಅಂತಾನೆ. ಅವರ ಹೃದಯದಲ್ಲಿ ಮನಸ್ಸೂ ಇತ್ತು. ಹಾಗಾಗಿಯೇ "ಹೃದ್ಯ" ಅಂದರೆ ಬಾಯಿಗೆ ರುಚಿ, ಮನಸ್ಸಿಗೆ ಹಿತ ಎಂಬ ಅರ್ಥವೂ ಇದೆ. ಹತ್ತು ಹುಳಿ ಹಣ್ಣುಗಳು ಆ ಪಟ್ಟಿಗೆ ಹೇಗೆ ಬಂದವು ಅಂತ ಈಗ ಗೊತ್ತಾಗುತ್ತದೆ. ಬಾಯಿ ಕೆಟ್ಟವರಿಗೆ, ಸೊರಗಿದವರಿಗೆ ಪುನರ್ಪುಳಿ ಸಾರು ಕೊಟ್ಟಾಗ ಮುಖ ಅರಳುವುದನ್ನು ನೀವೂ ನೋಡಿರುತ್ತೀರಿ.

ರೋಗದ ಕಾರಣ ಹೇಳುವ ಕಡೆ ಮಾತ್ರ ಚರಕ ಇವತ್ತಿನ ವೈದ್ಯರ ಪಕ್ಕದಲ್ಲೇ ಕೂರುತ್ತಾನೆ. ಕಫದ ಹೃದ್ರೋಗ ಯಾರಿಗೆ ಬರುತ್ತದೆ? ಜಾಸ್ತಿ ತಿನ್ನುವವರಿಗೆ, ಜಿಡ್ಡಿನ ಭಾರದ ಊಟ ಮಾಡುವವರಿಗೆ, ಮೈ ಅಲುಗಿಸದೆ ಕೂರುವವರಿಗೆ, ವಿಪರೀತ ನಿದ್ದೆ ಮಾಡುವವರಿಗೆ. ವಾತದ್ದು? ದುಃಖ, ಉಪವಾಸ, ಮಿತಿಮೀರಿದ ದೈಹಿಕ ಶ್ರಮ. ಹೃದಯವನ್ನು ಕಾಪಾಡಿಕೊಳ್ಳಬೇಕು ಅನ್ನುವವರು ಮನಸ್ಸಿಗೆ ನೋವು ತರುವ ಕಾರಣಗಳನ್ನು ವಿಶೇಷವಾಗಿ ದೂರ ಇಡಬೇಕು ಅಂತ ಸೂತ್ರಸ್ಥಾನದ ಕೊನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಹಳೇ ವೈದ್ಯವನ್ನು ತಂದೆಯವರ ಮೇಲೆ ಪ್ರಯೋಗ ಮಾಡಬೇಕು ಅಂತ ದೊಡ್ಡಪ್ಪನಿಗೆ ಆಸೆ ಇದ್ದರೆ ಇಲ್ಲಿಂದ ಶುರು ಮಾಡಲಿ. ದಿನಾ ಸಂಜೆ ಇಬ್ಬರೂ ಅರ್ಧ ಗಂಟೆ ಮಾತಾಡುತ್ತಾ ನಡೆಯಲಿ.

ಇನ್ನು ಮರ. ನಿಮ್ಮ ಸೊಪ್ಪಿನಬೆಟ್ಟದ ಮತ್ತಿ ಬಹುಮಟ್ಟಿಗೆ ಅರ್ಜುನ ಅಲ್ಲ. ಮಲೆನಾಡಿನಲ್ಲಿ ಸುಮ್ನೆ "ಮತ್ತಿ" ಅಂದರೆ ಕರಿಮತ್ತಿ. ಅಡಿಕೆ ತೋಟಕ್ಕೆ ಸೊಪ್ಪು ಹಾಕುವುದು ಅದನ್ನೇ. ಅರ್ಜುನ ಅಂದರೆ ಹೊಳೆಮತ್ತಿ. ನೀರುಮತ್ತಿ, ತೊರೆಮತ್ತಿ ಅಂತಲೂ ಕರೆಯುತ್ತಾರೆ. ಹೆಸರೇ ಹೇಳುವ ಹಾಗೆ ಅದಕ್ಕೆ ನೀರಿನ ಅಂಚು ಬೇಕು. ಕಾವೇರಿ ದಂಡೆಯಲ್ಲಿ ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ ಕಡೆ ಹೋದರೆ ನದಿಗೆ ಬಾಗಿ ನಿಂತ ದೊಡ್ಡ ದೊಡ್ಡ ಬಿಳಿ ಬೊಡ್ಡೆಯ ಮರಗಳು ಕಾಣುತ್ತವೆ. ಅವು ಹೊಳೆಮತ್ತಿ. ಕರಿಮತ್ತಿ ಬೆಟ್ಟದ ಒಣ ನೆಲದಲ್ಲೂ ಬೆಳೆಯುತ್ತದೆ.

ಎರಡೂ ಒಂದೇ ಕುಲದ ಅಣ್ಣತಮ್ಮಂದಿರು, ಅಳಲೆ ಮತ್ತು ತಾರೆಯ ಹತ್ತಿರದ ಬಳಗ. ಆದರೆ ತೊಗಟೆ ನೋಡಿದರೆ ಸುಲಭವಾಗಿ ಬೇರೆ ಮಾಡಬಹುದು. ಕರಿಮತ್ತಿಯ ತೊಗಟೆ ಕಪ್ಪು, ದಪ್ಪ, ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕವಾಗಿ ಒಡೆದಿರುತ್ತದೆ. ಹೊಳೆಮತ್ತಿಯದ್ದು ನಯ, ಬೂದು ಬಿಳುಪು, ದೊಡ್ಡ ದೊಡ್ಡ ಹಾಳೆಯಂತೆ ತಾನೇ ಸುಲಿದು ಬೀಳುತ್ತದೆ, ಒಳಗಡೆ ತಿಳಿಗೆಂಪು. ಪೇಟೆಯಲ್ಲಿ ಮಾರುವ ಅರ್ಜುನದ ಚಕ್ಕೆಯಲ್ಲಿ ಕರಿಮತ್ತಿ ಬೆರೆಸುವುದು ಹೊಸದಲ್ಲ. ಪುಡಿ ಮಾಡಿದ ಮೇಲೆ ಕಣ್ಣಿಗೆ ಗೊತ್ತಾಗುವುದೂ ಇಲ್ಲ. ಅದಕ್ಕೇ ನಾನು ಪುಡಿಗಿಂತ ಇಡೀ ಚಕ್ಕೆ ಕೊಳ್ಳಿ ಅನ್ನುತ್ತೇನೆ.

ಅಕಸ್ಮಾತ್ ನಿಮ್ಮಲ್ಲಿ ಹೊಳೆಮತ್ತಿಯೇ ಇದ್ದರೆ, ದಯವಿಟ್ಟು ಬೊಡ್ಡೆಯ ಸುತ್ತ ಬಳೆಯ ಹಾಗೆ ತೊಗಟೆ ಕೆತ್ತಬೇಡಿ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಬಳೆ ಕೆತ್ತಿದರೆ ಆ ದಾರಿ ಪೂರ್ತಿ ಕಡಿದ ಹಾಗೆ, ಮರ ನಿಂತಲ್ಲೇ ಸಾಯುತ್ತದೆ. ಉದ್ದಕ್ಕೆ ಸಣ್ಣ ಪಟ್ಟಿ ತೆಗೆದರೆ ಮರ ಗಾಯ ಮುಚ್ಚಿಕೊಳ್ಳುತ್ತದೆ. ಹೃದಯದ ಮದ್ದು ಅಂತ ಸುದ್ದಿಯಾದ ಮೇಲೆ ಹೊಳೆದಂಡೆಯ ಎಷ್ಟೋ ಮರಗಳು ಸಿಪ್ಪೆ ಸುಲಿದು ನಿಂತಿರುವುದನ್ನು ನೋಡಿ ನನಗೆ ಸಂಕಟವಾಗಿದೆ.

ಈ ಚಕ್ಕೆಯಿಂದ ಏನು ಉಪಯೋಗ ಅಂತ ಈಚೆಗೆ ಪರೀಕ್ಷೆ ಮಾಡಿದ್ದಾರಾ? ಮಾಡಿದ್ದಾರೆ. ಇಂದೋರಿನ ವೈದ್ಯರು 1995ರಲ್ಲಿ ಹೃದಯ ತೀರಾ ಸೋತ, ಯಾವ ಔಷಧಿಗೂ ಸರಿಯಾಗಿ ಜಗ್ಗದ 12 ರೋಗಿಗಳ ಮೇಲಿನ ಅಧ್ಯಯನ ಪ್ರಕಟಿಸಿದರು. ಮಾಮೂಲಿ ಔಷಧಿಗಳ ಜೊತೆಗೇ ಚಕ್ಕೆಯ ಸಾರ 500 ಮಿಲಿಗ್ರಾಂ ಎಂಟು ಗಂಟೆಗೊಮ್ಮೆ ಕೊಟ್ಟಾಗ ಉಸಿರಾಟ, ನಡೆಯುವ ಶಕ್ತಿ ಸುಧಾರಿಸಿತು. 2002ರಲ್ಲಿ ಅದೇ ಗುಂಪು, ನಡೆದಾಗ ಎದೆನೋವು ಬರುವ 58 ಗಂಡಸರಲ್ಲಿ ಇದನ್ನು ಒಂದು ನೈಟ್ರೇಟ್ ಮಾತ್ರೆಗೂ, ಔಷಧಿಯಿಲ್ಲದ ಹುಸಿ ಮಾತ್ರೆಗೂ ಹೋಲಿಸಿ ನೋಡಿತು. ಪ್ರತಿಯೊಂದೂ ಒಂದೊಂದು ವಾರ. ಅರ್ಜುನ ಕೊಟ್ಟ ವಾರದಲ್ಲಿ ಎದೆನೋವು ಬರುವುದು ಕಡಿಮೆಯಾಯಿತು, ಟ್ರೆಡ್‌ಮಿಲ್ ಮೇಲೆ ಜಾಸ್ತಿ ಹೊತ್ತು ನಡೆದರು. ಒಳ್ಳೆಯ ಸುದ್ದಿಯೇ. ಆದರೆ ಜನ ಕಡಿಮೆ, ಸಮಯ ಕಡಿಮೆ.

ಮುಂದೆ ದೆಹಲಿಯ ಏಮ್ಸ್‌ನಲ್ಲಿ ಇನ್ನೂ ದೊಡ್ಡದಾಗಿ ಮಾಡಿದರು, 2016ರಲ್ಲಿ ಪ್ರಕಟವಾಯಿತು. ಹೃದಯ ವೈಫಲ್ಯ ಇರುವವರು ತಮ್ಮ ಮಾತ್ರೆಗಳ ಜೊತೆ 12 ವಾರ ಚಕ್ಕೆಯ ನೀರಿನ ಸಾರ ತಗೊಂಡರು, ಇನ್ನರ್ಧ ಜನ ಹುಸಿ ಔಷಧಿ. ಎಕೋದಲ್ಲಿ ನೋಡುವ ಹೃದಯದ ಪಂಪಿನ ಬಲ, ಅದೇ ಆ ಅಧ್ಯಯನದ ಮುಖ್ಯ ಪ್ರಶ್ನೆ, ಅದು ಅರ್ಜುನದಿಂದ ಹೆಚ್ಚಲಿಲ್ಲ. ಕೆಲವರಿಗೆ ನಡೆಯುವ ಶಕ್ತಿ, ದಿನದ ಕೆಲಸಗಳು ಸ್ವಲ್ಪ ಸುಲಭವಾದವು. ಇದನ್ನು ಓದಿದಾಗ ನನಗೆ ಬೇಸರವಾಯಿತು. ಆದರೆ ಇದು ನಾನು ರೋಗಿಗಳಲ್ಲಿ ಕಂಡದ್ದಕ್ಕೆ ಹತ್ತಿರವೇ ಇದೆ. ಹಾಯೆನಿಸುತ್ತದೆ, ಮೆಟ್ಟಿಲು ಹತ್ತುವಾಗ ಒಂದಿಷ್ಟು ಸಲೀಸು ಅನ್ನುತ್ತಾರೆ. ಬ್ಲಾಕ್ ಕರಗಿದ್ದನ್ನು ಮಾತ್ರ ನಾನು ನೋಡಿಲ್ಲ, ಈ ಯಾವ ಅಧ್ಯಯನವೂ ಅದನ್ನು ತೋರಿಸಿಲ್ಲ.

ಮಾಡುವ ಕ್ರಮವನ್ನೂ ಹೇಳುತ್ತೇನೆ. ಕ್ಷೀರಪಾಕದ, ಅಂದರೆ ಮದ್ದು ಹಾಕಿ ಹಾಲು ಕಾಯಿಸುವ, ಲೆಕ್ಕ ಹೀಗೆ: ಮದ್ದು ಒಂದು ಪಾಲು, ಹಾಲು ಎಂಟು ಪಾಲು, ನೀರು ಮೂವತ್ತೆರಡು ಪಾಲು. ಅಂದರೆ ಜಜ್ಜಿದ ಚಕ್ಕೆ 5 ಗ್ರಾಂ, ಹಾಲು 40 ಮಿಲಿ, ನೀರು 160 ಮಿಲಿ. ಸಣ್ಣ ಉರಿಯಲ್ಲಿ ನೀರೆಲ್ಲ ಆವಿಯಾಗಿ ಹಾಲಷ್ಟೇ ಉಳಿಯುವವರೆಗೆ ಕಾಯಿಸಿ, ಸೋಸಬೇಕು. ಹಾಲು ಯಾಕೆ? ಈ ಚಕ್ಕೆಯಲ್ಲಿ ಟ್ಯಾನಿನ್ ಜಾಸ್ತಿ, ಬಾಯೆಲ್ಲ ಒಗರು ಹಿಡಿಯುತ್ತದೆ. ಹಾಲಿನ ಪ್ರೋಟೀನು ಅದನ್ನು ಹಿಡಿದುಕೊಳ್ಳುತ್ತದೆ, ಕಡುಚಹಾಕ್ಕೆ ಹಾಲು ಬೆರೆಸಿದ ಹಾಗೆ. ಹೊಟ್ಟೆಗೂ ಹದ. ಆದರೆ ಇದೇ ಟ್ಯಾನಿನ್ ಕೆಲವರಿಗೆ ಮಲಬದ್ಧತೆ ಮಾಡುತ್ತದೆ, ಊಟದ ಕಬ್ಬಿಣಾಂಶ ಹೀರುವುದಕ್ಕೂ ಅಡ್ಡ ಬರುತ್ತದೆ. ಮಾತ್ರೆಗೂ ಇದಕ್ಕೂ ಎರಡು ಗಂಟೆಯಾದರೂ ಅಂತರ ಇರಲಿ ಅನ್ನುವುದು ನನ್ನ ರೂಢಿ.

ನಿಮ್ಮ ತಂದೆಯವರಿಗೆ ಈಗ ಕೊಡಬಹುದಾ? ನಾನಾಗಿದ್ದರೆ ಈಗ ಕೊಡುತ್ತಿರಲಿಲ್ಲ. ಸ್ಟೆಂಟ್ ಹಾಕಿದ ಮೊದಲ ವರ್ಷ ಕಾಯುತ್ತಿದ್ದೆ. ನಮ್ಮ ಯಕೃತ್ತಿನಲ್ಲಿ (ಲಿವರ್) ಔಷಧಿಗಳನ್ನು ಅರಗಿಸುವ ಕಿಣ್ವಗಳಿವೆ. ಅವುಗಳಲ್ಲಿ ಕೆಲವನ್ನು ಅರ್ಜುನದ ಸಾರ ನಿಧಾನ ಮಾಡುತ್ತದೆ ಅಂತ ಪ್ರಯೋಗಶಾಲೆಯ ಪರೀಕ್ಷೆಗಳಲ್ಲಿ ಕಂಡಿದೆ. ಕೊಲೆಸ್ಟ್ರಾಲ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಎರಡೂ ಇಂಥ ಕಿಣ್ವಗಳ ಮೂಲಕವೇ ಹೋಗುತ್ತವೆ. ವರ್ಷ ಕಳೆದು, ಡಾಕ್ಟರ್ ಒಂದು ಮಾತ್ರೆ ನಿಲ್ಲಿಸಿದ ಮೇಲೆ, ಅವರಿಗೆ ತಿಳಿಸಿಯೇ ಕೊಡಿ. ಇನ್ನೊಂದು ಎಚ್ಚರ: ಅಂಗಡಿಯ ಅರ್ಜುನಾರಿಷ್ಟ ಹುಳಿಬರಿಸಿ ಮಾಡಿದ್ದು. ಅದರಲ್ಲಿ ಬೆಲ್ಲ ಇದೆ, ತಾನಾಗಿ ಹುಟ್ಟಿದ ಮದ್ಯಸಾರವೂ ಇದೆ. ಸಕ್ಕರೆ ಕಾಯಿಲೆ ಇದ್ದರೆ ಅದು ಬೇಡ.

ಬೇರೆ ಮೂಲಿಕೆಗಳ ಬಗ್ಗೆ ಕೇಳಿದ್ದೀರಿ. ಇದರಲ್ಲಿ ಪುಷ್ಕರಮೂಲದ ಹೆಸರು ಅರ್ಜುನಕ್ಕಿಂತ ಹಳೆಯದು. ಬಿಕ್ಕಳಿಕೆ, ಉಬ್ಬಸ, ಕೆಮ್ಮು, ಪಕ್ಕೆ ನೋವಿಗೆ ಇದೇ ಶ್ರೇಷ್ಠ ಅಂತ ಚರಕ ಹೇಳುತ್ತಾನೆ. ಚಕ್ರಪಾಣಿ ಇದರ ಪುಡಿಯನ್ನು ಜೇನಲ್ಲಿ ನೆಕ್ಕಿಸಿ ಹೃಚ್ಛೂಲಕ್ಕೆ ಕೊಡುತ್ತಾರೆ. ಹಿಮಾಲಯದ ಗಿಡ, ಕಾಡಲ್ಲಿ ಈಗ ಬಹಳ ಅಪರೂಪ.

ಬೆಳ್ಳುಳ್ಳಿಗೆ ದೊಡ್ಡ ಇತಿಹಾಸ ಇದೆ. ಮಧ್ಯ ಏಷ್ಯಾದ ಕೂಚಾದಲ್ಲಿ 1890ರಲ್ಲಿ ಬೋವರ್ ಎಂಬ ಸೈನ್ಯಾಧಿಕಾರಿಗೆ ಸಿಕ್ಕ ಹಳೇ ಹಸ್ತಪ್ರತಿಯ ಮೊದಲ ಭಾಗದ ಆರಂಭದಲ್ಲೇ ಬೆಳ್ಳುಳ್ಳಿಯ ಹೊಗಳಿಕೆ ಇದೆ. ಅಡುಗೆಯಲ್ಲಿ ಧಾರಾಳವಾಗಿ ಬಳಸಿ. ಆದರೆ ದಿನಾ ಖಾಲಿ ಹೊಟ್ಟೆಗೆ ಹಸಿ ಬೆಳ್ಳುಳ್ಳಿ ಹತ್ತು ಎಸಳು ಅಥವಾ ಅದರ ಕ್ಯಾಪ್ಸೂಲ್ ಬೇಡ. ಅದು ತಾನೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೊತೆ ಸೇರಿದರೆ ರಕ್ತಸ್ರಾವದ ಭಯ.

ಗುಗ್ಗುಲ ಎಂಬ ಮರದ ಅಂಟಿನದ್ದು ಪಾಠ ಕಲಿಸುವ ಕತೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಜಿ. ವಿ. ಸತ್ಯವತಿಯವರು ಸುಶ್ರುತನ ಮೇದೋರೋಗದ (ಕೊಬ್ಬು ಹೆಚ್ಚುವ ಕಾಯಿಲೆಯ) ವರ್ಣನೆಯನ್ನು ಹಿಡಿದು, ಗುಗ್ಗುಲ ಮೊಲಗಳಲ್ಲಿ ಕೊಲೆಸ್ಟ್ರಾಲ್ ಇಳಿಸುತ್ತದೆ ಅಂತ ತೋರಿಸಿದರು. ಎಂಥ ಸೊಗಸಾದ ಕೆಲಸ! ಅದರಿಂದ ದೇಶದಲ್ಲಿ ಔಷಧಿಯೂ ಬಂತು. ಆದರೆ ಅಮೆರಿಕದಲ್ಲಿ 103 ಜನರ ಮೇಲೆ ಎಂಟು ವಾರ ಮಾಡಿದ ಪರೀಕ್ಷೆ 2003ರಲ್ಲಿ ಬಂದಾಗ ಅದರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಇಳಿಯುವ ಬದಲು ಶೇಕಡಾ 4–5ರಷ್ಟು ಏರಿತ್ತು, ಕೆಲವರಿಗೆ ಚರ್ಮದಲ್ಲಿ ದದ್ದೂ ಎದ್ದಿತ್ತು. ಅದಾದ ಮೇಲೆ ನಾನು ಕೊಲೆಸ್ಟ್ರಾಲಿಗೆ ಗುಗ್ಗುಲ ಬರೆಯುವುದು ನಿಲ್ಲಿಸಿದೆ. ಕೀಲು ನೋವಿನ ಮಾತು ಬೇರೆ.

ಸರ್ಪಗಂಧ ನಿಜಕ್ಕೂ ಗೆದ್ದ ಬೇರು. ಹಾವಿನ ವಿಷಕ್ಕೆ ಅಂತ ಹಳಬರು ಬಳಸುತ್ತಿದ್ದರು, ಬಿಹಾರದ ಕಡೆ ಹುಚ್ಚಿಗೆ ಮದ್ದು ಅಂತ ಕೊಡುತ್ತಿದ್ದರು. 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದು ರಕ್ತದ ಒತ್ತಡ ಇಳಿಸುತ್ತದೆ ಅಂತ ಬರೆದರು. 1949ರಲ್ಲಿ ಮುಂಬೈನ ಡಾಕ್ಟರ್ ರುಸ್ತುಮ್ ಜಾಲ್ ವಕೀಲ್ 50 ರೋಗಿಗಳ ಫಲಿತಾಂಶವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತೆಲ್ಲ ತಿರುಗಿ ನೋಡಿತು. 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಕೆಲವು ವರ್ಷ ಬಿಪಿಗೆ ಅದೇ ಮುಖ್ಯ ಔಷಧಿ. ಆದರೆ ಮನಸ್ಸು ಕುಗ್ಗುವುದು, ಖಿನ್ನತೆ ಬರುವುದು ಶುರುವಾಯಿತು. ಹಾರ್ಟ್ ಅಟ್ಯಾಕ್ ಆದವರು ಮೊದಲೇ ಕುಗ್ಗಿರುತ್ತಾರೆ. ಅವರಿಗೆ ಇದು ಬೇಡವೇ ಬೇಡ.

ಒಂದು ಗಿಡದ ಬಗ್ಗೆ ಮಾತ್ರ ಕೈಮುಗಿದು ಹೇಳುತ್ತೇನೆ. ಕಣಗಿಲೆ. ಬಿಳಿ, ಕೆಂಪು, ಹಳದಿ, ಯಾವುದೇ ಇರಲಿ. ಅದರ ಬೇರು ಹೃದಯಕ್ಕೆ ಒಳ್ಳೆಯದು ಅಂತ ಫೋನಿನಲ್ಲಿ ಹರಿದಾಡುವ ಸಂದೇಶಗಳನ್ನು ನಾನೇ ನೋಡಿದ್ದೇನೆ. ಅದರಲ್ಲಿ ಹೃದಯದ ಮೇಲೆ ನೇರವಾಗಿ ಕೆಲಸ ಮಾಡುವ ವಸ್ತು ಇರುವುದು ನಿಜ. ಇಂಗ್ಲೆಂಡಿನ ವಿಲಿಯಂ ವಿದರಿಂಗ್ 1785ರಲ್ಲಿ ಬರೆದ ಫಾಕ್ಸ್‌ಗ್ಲೋವ್ ಗಿಡದಲ್ಲೂ ಅದೇ ಜಾತಿಯ ವಸ್ತುವಿದೆ, ಇವತ್ತಿನ ಡಿಗಾಕ್ಸಿನ್ ಮಾತ್ರೆ ಆ ಕುಲದ್ದೇ. ಆದರೆ ಅಲ್ಲಿ ಮದ್ದಿನ ಪ್ರಮಾಣಕ್ಕೂ ಸಾವಿನ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. ಮಾತ್ರೆಯನ್ನು ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಬೇರಿನ ತುಂಡನ್ನು ಯಾರು ಅಷ್ಟು ನಾಜೂಕಾಗಿ ಅಳೆಯುತ್ತಾರೆ? ಸುಶ್ರುತ ಕಣಗಿಲೆಯನ್ನು ಇಟ್ಟಿರುವುದೇ ವಿಷದ ಬೇರುಗಳ ಪಟ್ಟಿಯಲ್ಲಿ. ಹಾಗೇ ಕೆಮ್ಮಿಗೆ ಅಂತ ಜೇಷ್ಠಮಧು ದಿನಾ ಅಗಿಯುವ ಅಭ್ಯಾಸ ಇದ್ದರೆ ಬಿಡಿಸಿ. ಅದು ಬಿಪಿ ಏರಿಸುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ.

ಹೆಸರಿಲ್ಲದ ಪೊಟ್ಟಣದ ಪುಡಿ, ಊರೂರು ತಿರುಗುವವರು ಕೊಡುವ ಭಸ್ಮ ತಗೊಳ್ಳಬೇಡಿ. ಅಮೆರಿಕದ ಬೋಸ್ಟನ್ ಸುತ್ತಮುತ್ತ ಮಾರುತ್ತಿದ್ದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಅದು 2004ರ ಮಾತು. ನನ್ನ ವೃತ್ತಿಯವನಾಗಿ ನನಗೆ ನಾಚಿಕೆಯಾದ ಸುದ್ದಿ ಅದು.

ತಂದೆಯವರಿಗೆ ಮತ್ತೆ ಎದೆ ಭಾರ, ಬೆವರು, ಎಡಗೈ ಅಥವಾ ದವಡೆಗೆ ಹಬ್ಬುವ ನೋವು ಬಂದರೆ ಕಷಾಯ ಕಾಯಿಸುತ್ತಾ ಕೂರಬೇಡಿ, ಸೋಡಾ ಕುಡಿಸಿ ಕಾಯಬೇಡಿ. 108ಕ್ಕೆ ಕರೆ ಮಾಡಿ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದಾರೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದಿದೆ ಅಂತ ಇವತ್ತೇ ವಿಚಾರಿಸಿ ಗೋಡೆ ಮೇಲೆ ಬರೆದಿಡಿ.

ದೊಡ್ಡಪ್ಪನ ಜೊತೆ ಜಗಳ ಮಾಡಬೇಡಿ. ತಮ್ಮನ ಮೇಲಿನ ಕಾಳಜಿಯಿಂದಲೇ ಅವರು ಹೇಳುತ್ತಿರುವುದು. ಅವರಿಗೆ ಒಂದು ಕೆಲಸ ಕೊಡಿ. ಬೇಸಿಗೆಯಲ್ಲಿ ಮತ್ತಿ ಕಾಯಿ ಉದುರಿದಾಗ ಆರಿಸಿ ತರಲಿ. ಎರಡರ ಕಾಯಿಗೂ ಐದು ರೆಕ್ಕೆ ಇರುತ್ತದೆ. ರೆಕ್ಕೆ ಅಗಲವಾಗಿದ್ದು ಗೆರೆಗಳು ಅಡ್ಡಕ್ಕೆ ನೇರವಾಗಿ ಹೋಗಿದ್ದರೆ ಅದು ಕರಿಮತ್ತಿ, ತೋಟದ ಸೊಪ್ಪಿಗೇ ಇರಲಿ. ರೆಕ್ಕೆ ಕಿರಿದಾಗಿದ್ದು ಗೆರೆಗಳು ಮೇಲಕ್ಕೆ ಬಾಗಿದ್ದರೆ ಹೊಳೆಮತ್ತಿ. ಹಾಗಿದ್ದರೆ ನನಗೆ ಮತ್ತೆ ಬರೆಯಿರಿ, ಅಷ್ಟರಲ್ಲಿ ತಂದೆಯವರ ವರ್ಷವೂ ತುಂಬುತ್ತಾ ಬಂದಿರುತ್ತದೆ.